ಹಿಟ್ಟು ತಿಗಣೆಯ ವೇಷ ಹಾಕಿದ ಗುಲಗಂಜಿ ಹುಳು

ಹಿತ್ತಲಿನ ದಾಸವಾಳದ ಕುಡಿಯಲ್ಲಿ, ಹಿಪ್ಪುನೇರಳೆಯ ಚಿಗುರಿನಲ್ಲಿ, ದ್ರಾಕ್ಷಿ ಗೊಂಚಲಿನ ಸಂದಿಯಲ್ಲಿ, ಸೀಬೆಕಾಯಿಯ ತೊಟ್ಟಿನ ಹತ್ತಿರ ಬಿಳಿಬಿಳಿಯಾಗಿ ಮೆತ್ತಿಕೊಂಡಿರುವ ಹುಳುಗಳನ್ನು ಎಲ್ಲರೂ ನೋಡಿರುತ್ತೀರಿ. ಹಿಟ್ಟು ತಿಗಣೆ. ಕಂಡ ತಕ್ಷಣ ಕೈ ತಾನಾಗಿ ಮುಂದೆ ಹೋಗುತ್ತದೆ. ಒರೆಸಿ ಹಾಕುತ್ತೇವೆ, ಇಲ್ಲಾ ಕುಡಿಯನ್ನೇ ಚಿವುಟಿ ಬಿಸಾಡುತ್ತೇವೆ. ಆದರೆ ಆ ಬಿಳಿ ಗುಂಪಿನಲ್ಲಿ ಒಂದೆರಡು ಹುಳು ಉಳಿದವಕ್ಕಿಂತ ಮೂರು ಪಟ್ಟು ದೊಡ್ಡದಾಗಿದೆಯಾ? ಮೈಮೇಲಿನ ಬಿಳಿ ಎಳೆಗಳು ಉದ್ದುದ್ದ ಕೆದರಿಕೊಂಡಿವೆಯಾ? ಕಡ್ಡಿಯಿಂದ ಮುಟ್ಟಿದರೆ ಸರಸರ ಓಡುತ್ತದೆಯಾ? ಹಾಗಿದ್ದರೆ ಅದನ್ನು ಬಿಟ್ಟುಬಿಡಿ. ಅದು ತಿಗಣೆಯಲ್ಲ. ತಿಗಣೆಯನ್ನು ತಿನ್ನುತ್ತಿರುವ ಗುಲಗಂಜಿ ಹುಳುವಿನ ಮರಿ.

ಇದರ ಪೂರ್ತಿ ಹೆಸರು ಕ್ರಿಪ್ಟೋಲೀಮಸ್ ಮಾಂಟ್ರೌಜಿಯೇರಿ. ಅಷ್ಟುದ್ದದ ಹೆಸರು ಯಾರ ನಾಲಿಗೆಗೂ ಹೊರಳುವುದಿಲ್ಲ. ಅದಕ್ಕೇ ಹೊಲ ತೋಟದಲ್ಲಿ ಇದರ ಜೊತೆ ಕೆಲಸ ಮಾಡುವವರು ಸುಮ್ನೆ ಕ್ರಿಪ್ಟೋ ಅಂದುಬಿಡುತ್ತಾರೆ. ದುಡ್ಡು ಹಾಕಿ ಕಳೆದುಕೊಳ್ಳುವ ಕ್ರಿಪ್ಟೋಗೂ ಇದಕ್ಕೂ ಸಂಬಂಧವಿಲ್ಲ! ಹುಟ್ಟೂರು ಆಸ್ಟ್ರೇಲಿಯಾದ ಪೂರ್ವ ಭಾಗ. ನಮ್ಮಲ್ಲಿಗೆ ಬಂದು 125 ವರ್ಷ ದಾಟಿದೆ.

ಇದು ಗುಲಗಂಜಿ ಹುಳು ಎಂದು ಹೇಳಿದರೆ ನಂಬುವುದು ಸ್ವಲ್ಪ ಕಷ್ಟ. ಗುಲಗಂಜಿ ಹುಳು ಅಂದ ಕೂಡಲೇ ನಮ್ಮ ಕಣ್ಣಮುಂದೆ ಬರುವುದು ಕೆಂಪು ಬೆನ್ನು, ಕಪ್ಪು ಚುಕ್ಕೆ. ಅಲಸಂದೆ ಬಳ್ಳಿಯ ಗಿಡಹೇನಿನ ನಡುವೆ ಓಡಾಡುವ, ಕಿತ್ತಳೆ ಬೆನ್ನಿನ ಮೇಲೆ ಅಂಕುಡೊಂಕಾದ ಕಪ್ಪು ಗೆರೆ ಇರುವ ಹುಳುವನ್ನು ನೋಡಿದರೂ ಗುರುತು ಸಿಗುತ್ತದೆ. ಕ್ರಿಪ್ಟೋಗೆ ಚುಕ್ಕೆಯೂ ಇಲ್ಲ, ಗೆರೆಯೂ ಇಲ್ಲ. ಬೆಳೆದ ದುಂಬಿ 4 ಮಿಲಿಮೀಟರ್ ಉದ್ದ, ಅಂದರೆ ಹೆಚ್ಚುಕಮ್ಮಿ ಒಂದು ಹೆಸರುಕಾಳಿನಷ್ಟು. ಬೆನ್ನು ಕಪ್ಪು ಅಥವಾ ಗಾಢ ಕಂದು. ತಲೆ, ಕುತ್ತಿಗೆಯ ಭಾಗ ಮತ್ತು ರೆಕ್ಕೆಯ ತುದಿ ಮಾತ್ರ ಕಿತ್ತಳೆ. ಬೆನ್ನಿನ ಮೇಲೆ ಸಣ್ಣ ನವಿರು ಕೂದಲು ಇರುವುದರಿಂದ ಉಳಿದ ಗುಲಗಂಜಿ ಹುಳುಗಳಷ್ಟು ಮಿರಮಿರ ಮಿಂಚುವುದಿಲ್ಲ.

ಪ್ರಪಂಚದಲ್ಲಿ ಗುಲಗಂಜಿ ಹುಳುವಿನ ಸುಮಾರು 6000 ಜಾತಿಗಳಿವೆ. ಹೆಚ್ಚಿನವು ಬೇರೆ ಕೀಟಗಳನ್ನು ತಿಂದು ಬದುಕುವಂಥವು. ಎಲ್ಲವೂ ಸಾಧು ಅಂತಲ್ಲ. ಬದನೆ ಎಲೆಯ ಹಸಿರನ್ನು ಕೆರೆದು ತಿಂದು ಜಾಲರಿ ಮಾಡಿಬಿಡುವ, 28 ಚುಕ್ಕೆಯ ಮಂಕು ಬಣ್ಣದ ಹುಳುವೂ ಇದೇ ಕುಟುಂಬದ್ದು. ಹಾಗಾಗಿ ಗುಲಗಂಜಿ ಹುಳು ಎಂದರೆ ರೈತನ ಮಿತ್ರ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವುದು ಸರಿಯಲ್ಲ. ಯಾವ ಹುಳು, ಏನು ತಿನ್ನುತ್ತದೆ, ಎಲ್ಲಿ ತಿನ್ನುತ್ತದೆ ಎಂದು ನೋಡಬೇಕು.

ಹಿಟ್ಟು ತಿಗಣೆ ಅಷ್ಟು ಸುಲಭಕ್ಕೆ ಬಗ್ಗದಿರುವುದೇಕೆ

ಕ್ರಿಪ್ಟೋ ಮಾಡುವ ಕೆಲಸ ಅರ್ಥವಾಗಬೇಕಾದರೆ ಮೊದಲು ಹಿಟ್ಟು ತಿಗಣೆ ಎಂಥ ಪ್ರಾಣಿ ಎಂದು ತಿಳಿಯಬೇಕು. ನಾವು ನೋಡುವುದು ಬಹುತೇಕ ಹೆಣ್ಣುಗಳನ್ನು. ಅವಕ್ಕೆ ರೆಕ್ಕೆ ಇಲ್ಲ. ಸೂಜಿಯಂಥ ಬಾಯನ್ನು ಗಿಡದೊಳಗೆ ಚುಚ್ಚಿ ರಸ ಹೀರುತ್ತ ಒಂದೇ ಕಡೆ ಕೂತಿರುತ್ತವೆ. ಗಂಡುಗಳು ಬೇರೆಯದೇ ಜೀವಿಯಂತೆ ಕಾಣುತ್ತವೆ. ಸೊಳ್ಳೆಗಿಂತ ಚಿಕ್ಕವು, ರೆಕ್ಕೆ ಇದೆ, ಆದರೆ ತಿನ್ನಲು ಬಾಯಿಯೇ ಇಲ್ಲ. ಹೆಣ್ಣನ್ನು ಕೂಡಿ ಬೇಗ ಸಾಯುತ್ತವೆ.

ಮೈಮೇಲಿನ ಬಿಳಿ ಹಿಟ್ಟು ಮೇಣ. ಅದು ಹುಳುವಿನ ಮೈಯಿಂದಲೇ ಸುರಿಯುತ್ತದೆ. ಮೊಟ್ಟೆ ಇಡುವ ಹೊತ್ತಿಗೆ ಹೆಣ್ಣು ಅದೇ ಮೇಣದಿಂದ ಹತ್ತಿಯ ಉಂಡೆಯಂಥ ಚೀಲ ಮಾಡಿ, ಅದರೊಳಗೆ ನೂರಾರು ಮೊಟ್ಟೆ ಇಡುತ್ತದೆ. ಮೊಟ್ಟೆಯೊಡೆದ ಮರಿಗಳು ಕಣ್ಣಿಗೆ ಕಾಣದಷ್ಟು ಸಣ್ಣವು. ನಡೆದು ಹೋಗುತ್ತವೆ, ಗಾಳಿಯಲ್ಲಿ ತೇಲುತ್ತವೆ, ಸೊಪ್ಪು ತುಂಬುವ ಮಂಕರಿಯಲ್ಲಿ, ಕೂಲಿಯವರ ಬಟ್ಟೆಯಲ್ಲಿ, ಇರುವೆಯ ಬಾಯಲ್ಲಿ ಪಕ್ಕದ ಗಿಡಕ್ಕೆ ದಾಟುತ್ತವೆ.

ಇಂಥದಕ್ಕೆ ಔಷಧಿ ಹೊಡೆದರೆ ಏನಾಗುತ್ತದೆ? ಮೇಣಕ್ಕೆ ನೀರು ಅಂಟುವುದಿಲ್ಲ. ಮುದುಡಿದ ಎಲೆಯ ಒಳಗೆ, ತೊಗಟೆಯ ಕೆಳಗೆ, ಗೊಂಚಲಿನ ನಡುವೆ ಔಷಧಿ ತಲುಪುವುದೇ ಇಲ್ಲ. ಚೀಲದೊಳಗಿನ ಮೊಟ್ಟೆಗಂತೂ ಏನೂ ಆಗುವುದಿಲ್ಲ. ಸಾಯುವವರು ಯಾರು? ಬಯಲಲ್ಲಿ ಓಡಾಡಿಕೊಂಡು ತಿಗಣೆ ಹುಡುಕುತ್ತಿರುವ ದುಂಬಿ, ಕಣಜ, ಜೇಡ. ಹದಿನೈದು ದಿನ ಬಿಟ್ಟು ನೋಡಿದರೆ ತಿಗಣೆ ಮತ್ತೆ ಎದ್ದಿರುತ್ತದೆ, ಈ ಸಲ ಅದನ್ನು ಕೇಳುವವರೇ ಇಲ್ಲ.

ತಿಗಣೆ ರಸ ಹೀರುವುದು ಒಂದು ತೊಂದರೆಯಾದರೆ, ಹೀರಿದ್ದನ್ನು ಹೊರಹಾಕುವುದು ಇನ್ನೊಂದು. ಗಿಡದ ರಸದಲ್ಲಿ ಸಕ್ಕರೆ ಜಾಸ್ತಿ, ಮೈ ಬೆಳೆಸುವ ಸತ್ವ ಕಡಿಮೆ. ಬೇಕಾದ ಸತ್ವ ಸಿಗಲಿ ಎಂದು ತಿಗಣೆ ಸಿಕ್ಕಾಪಟ್ಟೆ ರಸ ಕುಡಿಯುತ್ತದೆ, ಮಿಕ್ಕ ಸಕ್ಕರೆಯನ್ನು ಅಂಟು ಹನಿಯಾಗಿ ಹಿಂದಿನಿಂದ ಬಿಡುತ್ತದೆ. ಆ ಸಿಹಿ ಅಂಟು ಎಲೆಯ ಮೇಲೆ, ಕಾಯಿಯ ಮೇಲೆ ಬಿದ್ದು ಅದರಲ್ಲಿ ಕಪ್ಪು ಬೂಷ್ಟು ಬೆಳೆಯುತ್ತದೆ. ದ್ರಾಕ್ಷಿ ಗೊಂಚಲು ಮಸಿ ಹಿಡಿದಂತಾದರೆ ಮಾರುಕಟ್ಟೆಯಲ್ಲಿ ಯಾರೂ ಮುಟ್ಟುವುದಿಲ್ಲ. ಜೊತೆಗೆ ಆ ಸಿಹಿಗೆ ಇರುವೆ ಬರುತ್ತವೆ. ಇರುವೆಯ ವಿಷಯಕ್ಕೆ ಆಮೇಲೆ ಬರೋಣ, ಅದು ದೊಡ್ಡ ಕಥೆ.

ಮರಿಯ ಊಟ, ಮರಿಯ ವೇಷ

ಕ್ರಿಪ್ಟೋದ ಹೆಣ್ಣು ಮೊಟ್ಟೆ ಇಡಲು ಹುಡುಕುವುದು ತಿಗಣೆಯ ಹತ್ತಿ ಚೀಲವನ್ನೇ. ಅದರ ಎಳೆಗಳ ನಡುವೆ ಹಳದಿ ಮೊಟ್ಟೆಗಳನ್ನು ಬಿಡಿಬಿಡಿಯಾಗಿ ಸೇರಿಸುತ್ತದೆ. ಆ ಮೇಣದ ಎಳೆ ಇಲ್ಲದಿದ್ದರೆ ಮೊಟ್ಟೆ ಇಡುವುದಕ್ಕೇ ಹಿಂಜರಿಯುತ್ತದೆ. ಯೋಚಿಸಿದರೆ ಸರಿಯಾದ ಲೆಕ್ಕ. ಮರಿ ಕಣ್ಣು ಬಿಟ್ಟಾಗ ಬಾಯಿಯ ಪಕ್ಕದಲ್ಲೇ ನೂರಾರು ತಿಗಣೆ ಮೊಟ್ಟೆ ಇರುತ್ತದೆ.

ಬೆಚ್ಚಗಿನ ಹವೆಯಲ್ಲಿ ಐದಾರು ದಿನಕ್ಕೆ ಮೊಟ್ಟೆ ಒಡೆಯುತ್ತದೆ. ಮರಿಗೆ ಎರಡು ಮೂರು ವಾರದ ಬಾಳು, ಅಷ್ಟರಲ್ಲಿ ಮೂರು ಸಲ ಪೊರೆ ಬಿಡುತ್ತದೆ. ಎಳೆಯ ಮರಿ ತಿಗಣೆಯ ಮೊಟ್ಟೆ ಮತ್ತು ಸಣ್ಣ ಮರಿಗಳನ್ನು ತಿನ್ನುತ್ತದೆ, ಬೆಳೆದ ಮೇಲೆ ದೊಡ್ಡ ತಿಗಣೆಯನ್ನೂ ಬಿಡುವುದಿಲ್ಲ. ಬೆಳೆದು ಮುಗಿಯುವಷ್ಟರಲ್ಲಿ ಒಂದು ಮರಿ ಸುಮಾರು 250 ಎಳೆ ತಿಗಣೆಗಳನ್ನು ಮುಗಿಸಬಲ್ಲದು. ಬರೀ ಮೊಟ್ಟೆಯೇ ಸಿಕ್ಕರೆ ಲೆಕ್ಕ ಇದರ ಎಷ್ಟೋ ಪಟ್ಟು.

ಬೆಳೆದ ಮರಿಯನ್ನು ಕೈಮಸೂರದ ಕೆಳಗೆ ಇಟ್ಟು ನೋಡಿ. ಉದ್ದ 13 ಮಿಲಿಮೀಟರ್‌ವರೆಗೆ ಇರಬಹುದು. ಅಂದರೆ ಮರಿಯೇ ಅಪ್ಪ ಅಮ್ಮನಿಗಿಂತ ಉದ್ದ. ಮೈಯ ಎರಡೂ ಕಡೆ, ಬೆನ್ನ ಮೇಲೆ ಸಾಲುಸಾಲಾಗಿ ಬಿಳಿ ಮೇಣದ ಜಡೆಗಳು. ತಿಗಣೆಯ ಅಂಚಿನ ಎಳೆಗಳು ಗಿಡ್ಡ, ಒಂದೇ ಸಮ ಕತ್ತರಿಸಿಟ್ಟಂತೆ ಇರುತ್ತವೆ. ಇದರ ಜಡೆಗಳು ಒಂದುದ್ದ ಒಂದು ಗಿಡ್ಡ, ತುದಿ ಸುರುಳಿ, ಅಲ್ಲಲ್ಲಿ ಮುರಿದು ಬೋಳು. ಮೆಲ್ಲಗೆ ಉಲ್ಟಾ ಮಾಡಿದರೆ ಚುರುಕಾಗಿ ಆಡಿಸುವ ಮೂರು ಜೊತೆ ಕಾಲುಗಳು ಕಾಣುತ್ತವೆ. ತಿಗಣೆಗೂ ಕಾಲಿದೆ, ಆದರೆ ಅದು ಹೊಟ್ಟೆಯಡಿ ಮುಚ್ಚಿಹೋಗಿರುತ್ತದೆ. ಅದನ್ನು ತಿವಿದರೂ ಬೇಕೋ ಬೇಡವೋ ಎಂಬಂತೆ ಕದಲುತ್ತದೆ. ಗಾತ್ರ, ಕೆದರಿದ ಜಡೆ, ಓಟ. ಈ ಮೂರು ನೆನಪಿಟ್ಟುಕೊಂಡರೆ ಬೆರಳು ತಪ್ಪು ಹುಳುವನ್ನು ಒರೆಸುವುದಿಲ್ಲ.

ಬೆಳವಣಿಗೆ ಮುಗಿದ ಮೇಲೆ ಮರಿ ಎಲೆಯ ಅಡಿ, ಕಾಂಡದ ಸಂದಿ, ಒಣ ಎಲೆಯ ಮಡಿಕೆಯಂಥ ಮರೆಯಲ್ಲಿ ಅಂಟಿಕೊಂಡು ಕೋಶವಾಗುತ್ತದೆ. ಅಲ್ಲೂ ಮೈಮೇಲಿನ ಬಿಳಿ ಹೋಗಿರುವುದಿಲ್ಲ. ವಾರ ಹತ್ತು ದಿನಕ್ಕೆ ಅದರಿಂದ ದುಂಬಿ ಹೊರಬರುತ್ತದೆ. ಮೊಟ್ಟೆಯಿಂದ ದುಂಬಿಯಾಗಲು ಹತ್ತಿರಹತ್ತಿರ ಒಂದು ತಿಂಗಳು. ಆಮೇಲೆ ದುಂಬಿ ಒಂದೆರಡು ತಿಂಗಳು ಬದುಕಿ, ಹೊಟ್ಟೆ ತುಂಬ ತಿಗಣೆ ಸಿಕ್ಕರೆ ನೂರಾರು ಮೊಟ್ಟೆ ಇಡುತ್ತದೆ.

ಅದೆಲ್ಲ ಸರಿ, ಬೇಟೆಯಂತೆಯೇ ಕಾಣುವ ಈ ವೇಷ ಯಾಕೆ? ತಿಗಣೆಯನ್ನು ಏಮಾರಿಸುವುದಕ್ಕೆ ಅಂತ ಅನಿಸಬಹುದು. ಆದರೆ ಒಂದೇ ಕಡೆ ಬಾಯಿ ಚುಚ್ಚಿಕೊಂಡು ಕೂತಿರುವ ತಿಗಣೆಯನ್ನು ಏಮಾರಿಸಬೇಕಾದ ಅಗತ್ಯವೇ ಇಲ್ಲ, ಅದು ಓಡಿಹೋಗುವುದಿಲ್ಲ. ಮೇಣ ಬೇಕಿರುವುದು ಇರುವೆಯ ಸಲುವಾಗಿ.

ಮಲೆನಾಡಿನ ಕಾಫಿ ತೋಟದಲ್ಲಿ ಇದನ್ನು ಚೆನ್ನಾಗಿ ನೋಡಬಹುದು. ಹಿಟ್ಟು ತಿಗಣೆ ಇರುವ ಗಿಡದಲ್ಲಿ ಇರುವೆಯ ಸಾಲು ಇದ್ದೇ ಇರುತ್ತದೆ. ಚಟ್ನಿಗೆ ಬಳಸುವ ಆ ಕೆಂಪು ಚಗಳಿಯೇ ಇರಬಹುದು, ಕಪ್ಪು ಇರುವೆಯಾದರೂ ಇರಬಹುದು. ತಿಗಣೆಯ ಸಿಹಿ ಅಂಟು ಅವುಗಳ ಊಟ. ಹಸು ಸಾಕಿದವರು ಕೊಟ್ಟಿಗೆ ಕಾಯುವ ಹಾಗೆ ಇರುವೆಗಳು ತಿಗಣೆಯ ಗುಂಪನ್ನು ಕಾಯುತ್ತವೆ. ದುಂಬಿ ಬಂದು ಕೂತರೆ ಮುತ್ತಿಕೊಂಡು ಕಚ್ಚಿ ಓಡಿಸುತ್ತವೆ. ಸಣ್ಣ ಕಣಜಗಳನ್ನೂ ಹತ್ತಿರ ಬಿಡುವುದಿಲ್ಲ. ಆದರೆ ಬಿಳಿ ಮೇಣ ಹೊದ್ದ ಮರಿ ಅದೇ ಗುಂಪಿನೊಳಗೆ ಕೂತು ತಿನ್ನುತ್ತಿದ್ದರೂ ಎಷ್ಟೋ ಸಲ ಇರುವೆ ಸುಮ್ಮನೆ ದಾಟಿಹೋಗುತ್ತದೆ. ಕಚ್ಚಲು ಬಂದರೂ ಬಾಯಿಗೆ ಸಿಗುವುದು ಮೇಣದ ಜಡೆ. ಇರುವೆ ದವಡೆಗೆ ಮೆತ್ತಿದ ಮೇಣ ಒರೆಸಿಕೊಳ್ಳುವಷ್ಟರಲ್ಲಿ ಮರಿ ಮುಂದಕ್ಕೆ ಹೋಗಿರುತ್ತದೆ.

ಇರುವೆಯ ಕಣ್ಣು ತಪ್ಪಿಸುವ ಈ ವೇಷವೇ ಮನುಷ್ಯನ ಕೈಯಲ್ಲಿ ಅದಕ್ಕೆ ಮುಳುವಾಗುತ್ತದೆ. ತಿಗಣೆಯನ್ನು ತಿನ್ನಲಿ ಎಂದು ಸಾಕಿದ ದುಂಬಿಗಳನ್ನು ತರಿಸಿ ತೋಟಕ್ಕೆ ಬಿಡುವುದುಂಟು. ಹಾಗೆ ಬಿಟ್ಟ ಎರಡು ಮೂರು ವಾರಕ್ಕೆ ರೈತ ಬಂದು ನೋಡುತ್ತಾನೆ. ಗಿಡ ಮೊದಲಿಗಿಂತ ಜಾಸ್ತಿ ಬಿಳಿಯಾಗಿದೆ, ಅದೂ ದೊಡ್ಡ ದೊಡ್ಡ ತಿಗಣೆ! ದುಂಬಿ ಕೆಲಸ ಮಾಡಲಿಲ್ಲ ಎಂದುಕೊಂಡು ಪಂಪು ಹೆಗಲಿಗೇರಿಸುತ್ತಾನೆ. ನಿಜಕ್ಕೂ ಕೆಲಸ ಜೋರಾಗಿ ನಡೆಯುತ್ತಿರುವುದು ಆಗಲೇ. ನನ್ನ ಪ್ರಕಾರ ಕ್ರಿಪ್ಟೋ ಸೋತಿತು ಎಂದು ಕೇಳಿಬರುವ ದೂರುಗಳಲ್ಲಿ ಒಂದಷ್ಟಾದರೂ ಹೀಗೆ ಹುಟ್ಟಿದವು.

ಕಿತ್ತಳೆ ತೋಟದಿಂದ ಕಾಫಿ ತೋಟಕ್ಕೆ

ಆಸ್ಟ್ರೇಲಿಯಾದ ಹುಳು ಇಲ್ಲಿಗೆ ಬಂದ ಕಥೆ ಅಮೆರಿಕದ ಕಿತ್ತಳೆ ತೋಟದಿಂದ ಶುರುವಾಗುತ್ತದೆ. 1880ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಕಿತ್ತಳೆ ಮರಗಳಿಗೆ ಒಂದು ಬಿಳಿ ಶಲ್ಕ ಕೀಟ ಬಿತ್ತು. ಇದು ಹಿಟ್ಟು ತಿಗಣೆಯ ದೂರದ ನೆಂಟ, ಬೆನ್ನ ಹಿಂದೆ ಗೀರು ಗೀರಿನ ಹತ್ತಿ ಚೀಲ ಹೊತ್ತುಕೊಂಡಿರುತ್ತದೆ. ಆಸ್ಟ್ರೇಲಿಯಾದಿಂದ ಗಿಡಗಳ ಜೊತೆ ಬಂದಿದ್ದ ಈ ಕೀಟಕ್ಕೆ ಅಮೆರಿಕದಲ್ಲಿ ಶತ್ರುಗಳಿರಲಿಲ್ಲ. ಬೆಳೆಗಾರರು ಮರಗಳನ್ನೇ ಕಿತ್ತು ಸುಡುವ ಸ್ಥಿತಿಗೆ ಬಂದರು.

ಅಮೆರಿಕ ಸರ್ಕಾರದ ಕೀಟತಜ್ಞ ಆಲ್ಬರ್ಟ್ ಕೋಬೆಲೆ 1888ರಲ್ಲಿ ಆಸ್ಟ್ರೇಲಿಯಾಕ್ಕೆ ಹೋದ. ಕೀಟದ ತವರಿನಲ್ಲಿ ಅದನ್ನು ಹದ್ದುಬಸ್ತಿನಲ್ಲಿ ಇಟ್ಟಿರುವುದು ಯಾವುದು ಎಂದು ಹುಡುಕುವುದು ಅವನ ಕೆಲಸ. ಸಿಕ್ಕಿದ್ದು ಕೆಂಪು ಕಪ್ಪಿನ ಒಂದು ಪುಟ್ಟ ಗುಲಗಂಜಿ ಹುಳು, ರೊಡೋಲಿಯಾ ಕಾರ್ಡಿನಾಲಿಸ್. ಹಡಗಿನಲ್ಲಿ ಕಳಿಸಿದ ಮೊದಲ ಕಂತುಗಳಲ್ಲಿ ಜೀವಂತ ತಲುಪಿದ್ದು 129 ಹುಳು. ಲಾಸ್ ಏಂಜಲೀಸ್‌ನಲ್ಲಿ ಒಂದು ಕಿತ್ತಳೆ ಮರಕ್ಕೆ ಬಟ್ಟೆಯ ಡೇರೆ ಕಟ್ಟಿ ಒಳಗೆ ಬಿಟ್ಟರು. ಅಲ್ಲಿ ಬೆಳೆದವನ್ನು ಸುತ್ತಲಿನ ಬೆಳೆಗಾರರು ಡಬ್ಬಿಯಲ್ಲಿ ಹಿಡಿದುಕೊಂಡು ಹೋದರು. 1889 ಮುಗಿಯುವ ಹೊತ್ತಿಗೆ ಕಿತ್ತಳೆ ತೋಟಗಳು ಬಚಾವಾಗಿದ್ದವು. ಕೀಟದಿಂದ ಕೀಟವನ್ನು ಹಿಡಿತಕ್ಕೆ ತರಬಹುದು ಎಂದು ಪ್ರಪಂಚಕ್ಕೆ ತೋರಿಸಿಕೊಟ್ಟ ಘಟನೆ ಇದು. 1920ರ ದಶಕದ ಕೊನೆಯಲ್ಲಿ ಅದೇ ಶಲ್ಕ ಕೀಟ ನೀಲಗಿರಿಯ ವ್ಯಾಟಲ್ ಮರಗಳಿಗೆ ಬಿದ್ದಾಗ ಅಲ್ಲಿಗೂ ರೊಡೋಲಿಯಾವನ್ನೇ ತರಿಸಿದರು.

ಈ ಗೆಲುವಿನ ಹುರುಪಿನಲ್ಲಿ ಕೋಬೆಲೆ 1891ರಲ್ಲಿ ಮತ್ತೆ ಹೊರಟ. ಆ ಸಲ ಕಳಿಸಿದ ಹಲವು ಹುಳುಗಳಲ್ಲಿ ನಮ್ಮ ಕ್ರಿಪ್ಟೋ ಒಂದು. ಹಿಟ್ಟು ತಿಗಣೆಯನ್ನು ಚೆನ್ನಾಗಿ ತಿಂದಿತು, ಆದರೆ ಒಂದು ತೊಡಕು ಇತ್ತು. ಇದು ಬೆಚ್ಚಗಿನ ನಾಡಿನ ಹುಳು. ಸಮುದ್ರದ ಹತ್ತಿರ ಉಳಿದುಕೊಂಡಿತು, ಒಳನಾಡಿನ ಚಳಿಗೆ ಸತ್ತಿತು. ಹಾಗಾಗಿ ವರ್ಷವರ್ಷ ಸಾಕಿ ಬಿಡಬೇಕಾಯಿತು. ಅಲ್ಲಿನವರು ಕತ್ತಲೆ ಕೋಣೆಯಲ್ಲಿ ಆಲೂಗಡ್ಡೆ ಮೊಳಕೆ ಬರಿಸಿ, ಮೊಳಕೆಯ ಮೇಲೆ ತಿಗಣೆ ಬೆಳೆಸಿ, ತಿಗಣೆಯ ಮೇಲೆ ದುಂಬಿ ಬೆಳೆಸುವ ಉಪಾಯ ಕಂಡುಕೊಂಡರು. 1920ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹೀಗೆ ಕೋಟಿಗಟ್ಟಲೆ ದುಂಬಿ ತಯಾರಾಗುತ್ತಿದ್ದವು.

ಭಾರತಕ್ಕೆ ಕ್ರಿಪ್ಟೋ ಬಂದದ್ದು 1898ರಲ್ಲಿ, ಆಸ್ಟ್ರೇಲಿಯಾದಿಂದ. ಆಗ ದಕ್ಷಿಣದ ಕಾಫಿ ತೋಟಗಳಿಗೆ ಹಸಿರು ಶಲ್ಕ ಕೀಟದ ಕಾಟ. ಅದನ್ನು ತಿನ್ನಲಿ ಎಂದು ತಂದರು. ಆದರೆ ಕ್ರಿಪ್ಟೋಗೆ ಹಸಿರು ಶಲ್ಕ ರುಚಿಸಲಿಲ್ಲ, ಕಾಟವೂ ಇಳಿಯಲಿಲ್ಲ. ಕಾರಣ ಈಗ ಗೊತ್ತು. ಹಸಿರು ಶಲ್ಕಕ್ಕೆ ಹತ್ತಿ ಚೀಲವಿಲ್ಲ, ಆ ಚೀಲ ಇಲ್ಲದ ಕಡೆ ಕ್ರಿಪ್ಟೋ ಸಂಸಾರ ಹೂಡುವುದಿಲ್ಲ. ಬಂದ ಕೆಲಸ ಆಗದಿದ್ದರೂ ಹುಳು ವಾಪಸ್ ಹೋಗಲಿಲ್ಲ. ದಕ್ಷಿಣದ ಹವೆ ಒಗ್ಗಿತು. ಹಿಟ್ಟು ತಿಗಣೆ ಸಿಕ್ಕಲ್ಲಿ ಊಟ ಮಾಡಿಕೊಂಡು ಇಲ್ಲೇ ನೆಲೆಯೂರಿತು.

ಸಿಹಿಕುಂಬಳದ ಮೇಲೆ ಸಾಕಣೆ

ಅದನ್ನು ಮತ್ತೆ ಕೈಗೆತ್ತಿಕೊಂಡದ್ದು ಬಹಳ ಕಾಲದ ನಂತರ. 1980ರ ದಶಕದಲ್ಲಿ ಬೆಂಗಳೂರು ಸುತ್ತಮುತ್ತ ದ್ರಾಕ್ಷಿ, ಸೀಬೆ, ನಿಂಬೆ ಜಾತಿಯ ಗಿಡಗಳಲ್ಲಿ ಇದನ್ನು ಬಿಟ್ಟು ಪ್ರಯೋಗಗಳು ನಡೆದವು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಈ ಕೆಲಸದಲ್ಲಿ ಮುಂದಿತ್ತು. ಈಗ ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದಲ್ಲೂ ಇದನ್ನು ಸಾಕುತ್ತಾರೆ. ಕಾಫಿಗೆ ಬೇಕಾದ ಕೆಲಸ ಬಾಳೆಹೊನ್ನೂರಿನ ಕೇಂದ್ರ ಕಾಫಿ ಸಂಶೋಧನಾ ಸಂಸ್ಥೆಯಲ್ಲಿ, ಹಿಪ್ಪುನೇರಳೆಯದು ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯಲ್ಲಿ ಆಗಿದೆ.

ಇಲ್ಲಿ ಆಲೂಗಡ್ಡೆಯ ಬದಲು ಸಿಹಿಕುಂಬಳ. ಚೆನ್ನಾಗಿ ಬಲಿತ, ಏಣು ಏಣಾಗಿರುವ ಕಾಯಿಯೇ ಬೇಕು. ಏಣುಗಳ ನಡುವಿನ ಕಣಿವೆಯಲ್ಲಿ ತಿಗಣೆ ಆರಾಮವಾಗಿ ಕೂರುತ್ತದೆ, ನುಣುಪಾದ ಕಾಯಿಯಲ್ಲಿ ಜಾರುತ್ತದೆ. ತೊಟ್ಟು ಇರಬೇಕು, ಗಾಯ ಇರಬಾರದು. ಸಣ್ಣ ಗಾಯವಿದ್ದರೆ ಕರಗಿಸಿದ ಮೇಣ ಹಚ್ಚುತ್ತಾರೆ, ಇಲ್ಲದಿದ್ದರೆ ಅಲ್ಲಿಂದ ಕೊಳೆಯಲು ಶುರು. ಕಾಯಿಯನ್ನು ತೊಳೆದು, ಬೂಷ್ಟು ಹಿಡಿಯದಂತೆ ಶಿಲೀಂಧ್ರನಾಶಕದಲ್ಲಿ ಅದ್ದಿ, ಒಣಗಿಸಿ, ಮೇಲೆ ತಿಗಣೆಯ ಮೊಟ್ಟೆ ಚೀಲಗಳನ್ನು ಇಡುತ್ತಾರೆ. ಎರಡು ಮೂರು ವಾರದಲ್ಲಿ ಇಡೀ ಕಾಯಿ ಬೆಳ್ಳಗಾಗುತ್ತದೆ. ಆಮೇಲೆ ಅದನ್ನು ಬಲೆ ಹೊಡೆದ ಪೆಟ್ಟಿಗೆಯೊಳಗೆ ಇಟ್ಟು ನೂರರಷ್ಟು ದುಂಬಿ ಬಿಡುತ್ತಾರೆ. ಹತ್ತು ಹದಿನೈದು ದಿನ ಮೊಟ್ಟೆ ಇಡಲು ಬಿಟ್ಟು, ಅವನ್ನು ಹಿಡಿದು ಬೇರೆ ಪೆಟ್ಟಿಗೆಗೆ ಹಾಕುತ್ತಾರೆ. ದುಂಬಿ ಬಿಟ್ಟು ತಿಂಗಳಾಗುವ ಹೊತ್ತಿಗೆ ಹೊಸ ದುಂಬಿಗಳು ಬೆಳಕಿನ ಕಡೆ ಬಂದು ಬಲೆಗೆ ಅಂಟಿಕೊಳ್ಳುತ್ತವೆ. ಅವನ್ನು ಸಣ್ಣ ಕೊಳವೆಯಿಂದ ಹೀರಿ ಸೀಸೆಗೆ ತುಂಬುತ್ತಾರೆ. ಕಳಿಸುವ ತನಕ ಜೇನುತುಪ್ಪವೇ ಊಟ.

ಈ ಕೆಲಸ ಮಾಡುವವರು ಒಂದು ನಿಯಮ ಬಿಡುವುದಿಲ್ಲ. ತಿಗಣೆ ಬೆಳೆಸುವ ಕೋಣೆಯೇ ಬೇರೆ, ದುಂಬಿ ಕೋಣೆಯೇ ಬೇರೆ. ಬಟ್ಟೆಗೆ ಅಂಟಿ ಒಂದು ಹೆಣ್ಣು ದುಂಬಿ ತಿಗಣೆ ಕೋಣೆಗೆ ಹೋದರೂ ಸಾಕು, ತಿಂಗಳೊಳಗೆ ತಿಗಣೆಯ ಬೀಜವೇ ಉಳಿಯುವುದಿಲ್ಲ. ಹೊಲದಲ್ಲಿ ಕಷ್ಟಪಟ್ಟರೂ ಹೋಗದ ತಿಗಣೆಯನ್ನು ಇಲ್ಲಿ ದುಂಬಿಯ ಕಣ್ಣಿಗೆ ಬೀಳದಂತೆ ಬಚ್ಚಿಟ್ಟು ಸಾಕಬೇಕು. ತಮಾಷೆ ಅಲ್ವಾ?

ಎಲ್ಲಿ ಹೊಂದುತ್ತದೆ, ಎಲ್ಲಿ ಇಲ್ಲ

ಕರ್ನಾಟಕದಲ್ಲಿ ಇದಕ್ಕೆ ತಕ್ಕ ಜಾಗ ಯಾವುದು ಎಂದು ಕೇಳಿದರೆ ನಾನು ಮೊದಲು ಹೇಳುವುದು ಹಿಪ್ಪುನೇರಳೆ. ಗುಲಾಬಿ ಹಿಟ್ಟು ತಿಗಣೆ ಚಿಗುರಿನಲ್ಲಿ ಕೂತು ರಸ ಹೀರುವಾಗ ಅದರ ಎಂಜಲಿನ ವಿಷದಿಂದ ಕುಡಿ ದಪ್ಪಗಾಗಿ, ಎಲೆಗಳು ಕಡು ಹಸಿರಾಗಿ ಮುದುಡುತ್ತವೆ. ಇದೇ ತುಕ್ರಾ. ಸೊಪ್ಪು ಕಡಿಮೆಯಾಗುತ್ತದೆ, ಸಿಕ್ಕ ಸೊಪ್ಪೂ ಸಪ್ಪೆ. ಔಷಧಿ ಹೊಡೆಯೋಣ ಎಂದರೆ ರೇಷ್ಮೆ ಹುಳುವೂ ಒಂದು ಕೀಟವೇ. ತಿಗಣೆಯನ್ನು ಕೊಲ್ಲುವ ಔಷಧಿ ಸೊಪ್ಪಿನಲ್ಲಿ ಉಳಿದರೆ ಮನೆಯಲ್ಲಿರುವ ಹುಳುವನ್ನೂ ಕೊಲ್ಲುತ್ತದೆ. ಸೊಪ್ಪು ಕುಯ್ಯುವ ದಿನ ಲೆಕ್ಕ ಹಾಕಿಕೊಂಡೇ ಸಿಂಪಡಿಸಬೇಕು. ದುಂಬಿಯಾದರೆ ಆ ತಲೆನೋವಿಲ್ಲ. ಎಕರೆಗೆ 250 ದುಂಬಿಗಳನ್ನು ಎರಡು ಕಂತಿನಲ್ಲಿ, ಆರು ತಿಂಗಳ ಅಂತರದಲ್ಲಿ ಬಿಡಿ ಎಂಬುದು ರೇಷ್ಮೆ ಸಂಶೋಧಕರ ಶಿಫಾರಸು. ತುಕ್ರಾ ಬಂದ ಕುಡಿಗಳನ್ನು ಚಿವುಟಿ ಸುಡುವ ಪದ್ಧತಿಯೂ ಇದೆ, ಒಳ್ಳೆಯದೇ. ದುಂಬಿ ಬಿಟ್ಟ ಹೊಲವಾದರೆ ಬೆಂಕಿಗೆ ಹಾಕುವ ಮುಂಚೆ ಮುದುಡಿದ ಎಲೆ ಬಿಡಿಸಿ ನೋಡಿ.

ದ್ರಾಕ್ಷಿಯಲ್ಲಿ ಬಳ್ಳಿಗೆ ಹತ್ತು ದುಂಬಿ ಎಂದು ಲೆಕ್ಕ. ಆದರೆ ಗೊಂಚಲು ಬಿಗಿಯಾದ ಮೇಲೆ ಬಿಟ್ಟರೆ ಪ್ರಯೋಜನ ಕಡಿಮೆ. ತಿಗಣೆ ಇನ್ನೂ ಕಾಂಡದ ತೊಗಟೆಯ ಕೆಳಗೆ, ಕೊಂಬೆಗಳಲ್ಲಿ ಇರುವಾಗಲೇ ಬಿಡಬೇಕು. ದ್ರಾಕ್ಷಿಯಲ್ಲಿ ಔಷಧಿ ಸಿಂಪಡಣೆ ಎಷ್ಟಿರುತ್ತದೆ ಎಂದು ಬೆಳೆಗಾರರಿಗೆ ಹೇಳಬೇಕಾಗಿಲ್ಲ. ಹಾಗಾಗಿ ಅಲ್ಲಿ ದುಂಬಿಗೆ ಉಸಿರಾಡಲು ಸಿಗುವ ಸಮಯವೇ ಚಿಕ್ಕದು.

ಕಾಫಿಯಲ್ಲಿ ತಿಗಣೆಯ ಕಾಟ ಬೇಸಿಗೆಯದು. ಗೆಣ್ಣು, ಹೂಮೊಗ್ಗು, ಎಳೆಕಾಯಿಗಳ ಸಂದಿಯಲ್ಲಿ ಸೇರುತ್ತದೆ. ಅಲ್ಲಿ ಕ್ರಿಪ್ಟೋಗೆ ಒಬ್ಬ ಜೊತೆಗಾರ ಇದ್ದಾನೆ. 1983ರಲ್ಲಿ ವೆಸ್ಟ್ ಇಂಡೀಸ್ ಕಡೆಯಿಂದ ತಂದ ಲೆಪ್ಟೋಮ್ಯಾಸ್ಟಿಕ್ಸ್ ಎಂಬ ಸಣ್ಣ ಕಣಜ. ಇದು ತಿಗಣೆಯ ಮೈಯೊಳಗೆ ಮೊಟ್ಟೆ ಇಡುತ್ತದೆ, ಮರಿ ಒಳಗಿನಿಂದಲೇ ತಿಂದು ಮುಗಿಸುತ್ತದೆ. ಇಬ್ಬರ ಕೆಲಸದ ರೀತಿ ಬೇರೆ. ಕ್ರಿಪ್ಟೋ ದೊಡ್ಡ ಹೊಟ್ಟೆಯದು. ತಿಗಣೆ ದಟ್ಟವಾಗಿದ್ದರೆ ನಿಂತು ತಿನ್ನುತ್ತದೆ, ಅಲ್ಲೊಂದು ಇಲ್ಲೊಂದು ಇದ್ದರೆ ಹಾರಿಹೋಗುತ್ತದೆ. ಕಣಜ ಒಂಟಿ ತಿಗಣೆಯನ್ನೂ ಹುಡುಕಿ ಹಿಡಿಯುತ್ತದೆ, ಆದರೆ ಕಿತ್ತಳೆ ಗಿಡಗಳಲ್ಲೂ ಕಾಣುವ ಆ ಒಂದು ಜಾತಿಯ ತಿಗಣೆ ಬಿಟ್ಟು ಬೇರೆಯದನ್ನು ಅಷ್ಟಾಗಿ ಮುಟ್ಟುವುದಿಲ್ಲ. ಬೇರಿಗೆ ಅಂಟಿದ ತಿಗಣೆಗೆ ಮಾತ್ರ ಕ್ರಿಪ್ಟೋ ಉಪಯೋಗಕ್ಕೆ ಬರುವುದಿಲ್ಲ. ಅದು ಮಣ್ಣಿಗಿಳಿದು ಬೇಟೆಯಾಡುವ ಹುಳುವಲ್ಲ.

ಇದರ ಮಿತಿ ಚೆನ್ನಾಗಿ ಗೊತ್ತಾದದ್ದು ಪಪ್ಪಾಯ ಹಿಟ್ಟು ತಿಗಣೆ ಬಂದಾಗ. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡ ಈ ಹೊಸ ತಿಗಣೆ ಪಪ್ಪಾಯ, ಮರಗೆಣಸು, ಹಿಪ್ಪುನೇರಳೆಗಳನ್ನು ಹಾಳುಮಾಡುತ್ತ ಕರ್ನಾಟಕಕ್ಕೂ ಹಬ್ಬಿತು. ಕ್ರಿಪ್ಟೋ ಅದನ್ನೂ ತಿಂದಿತು, ಇಲ್ಲ ಅಂತಲ್ಲ. ಆದರೆ ತಿಂದು ಮುಗಿಸುವುದಕ್ಕಿಂತ ಬೇಗ ತಿಗಣೆ ಬೆಳೆಯುತ್ತಿತ್ತು. ಕೊನೆಗೆ 2010ರಲ್ಲಿ ಪೋರ್ಟೊ ರಿಕೊದಿಂದ ಮೂರು ಜಾತಿಯ ಕಣಜಗಳನ್ನು ತರಿಸಿ, ಬೆಂಗಳೂರಿನಲ್ಲಿ ಪರೀಕ್ಷಿಸಿ ಬಿಟ್ಟ ಮೇಲೆ, ಅದರಲ್ಲೂ ಅಸೆರೋಫೇಗಸ್ ಪಪಾಯೇ ಎಂಬ ಕಣಜದಿಂದ ಕಾಟ ಇಳಿಯಿತು.

ನಮ್ಮ ಕ್ರಿಪ್ಟೋ ಹೊರದೇಶಕ್ಕೂ ಹೋಗಿದೆ. 1994ರಲ್ಲಿ ಗುಲಾಬಿ ಹಿಟ್ಟು ತಿಗಣೆ ಕೆರಿಬಿಯನ್ ದ್ವೀಪ ಗ್ರೆನಡಾದಲ್ಲಿ ಕಾಣಿಸಿ, ಅಕ್ಕಪಕ್ಕದ ದ್ವೀಪಗಳಿಗೆ ಹಬ್ಬಿತು. ದಾಸವಾಳದಿಂದ ಹಿಡಿದು ದೊಡ್ಡ ಮರಗಳವರೆಗೆ ಒಣಗತೊಡಗಿದವು. 1996ರಲ್ಲಿ ಅಲ್ಲಿಗೆ ಕಳಿಸಿದ ಶತ್ರು ಕೀಟಗಳಲ್ಲಿ ಭಾರತದಿಂದ ಹೋದ ಕ್ರಿಪ್ಟೋಗಳೂ ಇದ್ದವು. ಆಸ್ಟ್ರೇಲಿಯಾದಲ್ಲಿ ಹುಟ್ಟಿ, ಇಲ್ಲಿ ಹತ್ತಿರಹತ್ತಿರ ನೂರು ವರ್ಷ ಇದ್ದು, ಇಲ್ಲಿಂದ ವೆಸ್ಟ್ ಇಂಡೀಸ್‌ಗೆ.

ಬಿಡುವಾಗ ಗಮನಿಸಬೇಕಾದ್ದು

ದುಂಬಿ ತರಿಸುವ ಮುಂಚೆ ಇರುವೆಯ ವ್ಯವಸ್ಥೆ ಮಾಡಬೇಕು. ಗೂಡುಗಳನ್ನು ಹುಡುಕಿ ತೆಗೆಯುವುದು, ನೆಲಕ್ಕೆ ತಾಗುವ ಕೊಂಬೆ ಸವರುವುದು, ಇರುವೆ ಹತ್ತುವ ದಾರಿ ತಪ್ಪಿಸುವುದು. ಮರಿಗೆ ಮೇಣದ ರಕ್ಷಣೆ ಇದೆ, ದುಂಬಿಗೆ ಇಲ್ಲ ಎಂಬುದು ನೆನಪಿರಲಿ. ಇರುವೆ ಓಡಿಸಿದರೆ ಮೊಟ್ಟೆ ಇಡುವ ಹಂತಕ್ಕೇ ಬರುವುದಿಲ್ಲ. ಈಗಷ್ಟೇ ಔಷಧಿ ಹೊಡೆದ ತೋಟಕ್ಕೆ ತರಿಸಬೇಡಿ, ವಾಸನೆ ಹೋಯಿತು ಎಂದರೆ ವಿಷ ಹೋಯಿತು ಅಂತಲ್ಲ. ಸಂಜೆ ತಂಪಿನಲ್ಲಿ, ತಿಗಣೆ ದಟ್ಟವಾಗಿರುವ ಗಿಡಗಳನ್ನೇ ಆರಿಸಿ ಬಿಡಿ. ಇಡೀ ತೋಟಕ್ಕೆ ಸಮವಾಗಿ ಹಂಚುವ ಅಗತ್ಯವಿಲ್ಲ, ಹಾರಲು ರೆಕ್ಕೆ ಇದೆ.

ಸೀಸೆಯಲ್ಲಿ ಬಂದ ದುಂಬಿಗಳಲ್ಲಿ ಹೆಣ್ಣು ಎಷ್ಟು, ಗಂಡು ಎಷ್ಟು ಎಂದು ನೀವೇ ನೋಡಬಹುದು. ಮುಂದಿನ ಜೊತೆ ಕಾಲು ನೋಡಿ. ಹಳದಿ ಕಂದು ಇದ್ದರೆ ಗಂಡು, ಕಪ್ಪಗಿದ್ದರೆ ಹೆಣ್ಣು. ಮುಂದಿನ ಪೀಳಿಗೆ ಹೆಣ್ಣುಗಳ ಮೇಲೆ ನಿಂತಿರುವುದರಿಂದ ಬರೀ ಗಂಡುಗಳೇ ತುಂಬಿದ ಸೀಸೆಗೆ ದುಡ್ಡು ಕೊಟ್ಟರೆ ನಷ್ಟ. ಬಿಟ್ಟ ಎರಡು ಮೂರು ವಾರಕ್ಕೆ ಕೆದರಿದ ಜಡೆಯ ದೊಡ್ಡ ಮರಿಗಳು ಕಂಡರೆ ಬಿಟ್ಟ ಹುಳು ನೆಲೆ ಕಂಡುಕೊಂಡಿದೆ ಎಂದು ಲೆಕ್ಕ. ತಿಗಣೆ ಮುಗಿದ ಮೇಲೆ ದುಂಬಿಯೂ ಹೊರಟುಹೋಗುತ್ತದೆ. ಮುಂದಿನ ಬೇಸಿಗೆಗೆ ಮತ್ತೆ ತರಿಸಬೇಕಾಗಬಹುದು.

ಇಷ್ಟೆಲ್ಲ ಒಳ್ಳೆಯದು ಹೇಳಿದ ಮೇಲೆ ದಕ್ಷಿಣ ಆಫ್ರಿಕಾದ ಕಥೆ ಹೇಳದಿದ್ದರೆ ಅನ್ಯಾಯವಾಗುತ್ತದೆ. ಅಲ್ಲಿ ಪಾಪಾಸುಕಳ್ಳಿ ಕಳೆಯಾಗಿ ಹುಲ್ಲುಗಾವಲುಗಳನ್ನು ನುಂಗಿತ್ತು. ಕಳ್ಳಿಯನ್ನು ಹೀರಿ ಕೊಲ್ಲಲಿ ಎಂದು 1930ರ ದಶಕದಲ್ಲಿ ಒಂದು ಜಾತಿಯ ಕೊಚಿನೀಲ್ ಕೀಟವನ್ನು ತಂದರು. ಆ ಕೀಟದ ಮೈಮೇಲೂ ಬಿಳಿ ಹತ್ತಿ. ಹಿಟ್ಟು ತಿಗಣೆಯನ್ನು ತಿನ್ನಲಿ ಎಂದು ಮೊದಲೇ ತಂದಿದ್ದ ಕ್ರಿಪ್ಟೋ ಆ ದೇಶದಲ್ಲಿ ಆಗಲೇ ಇತ್ತು. ಬಿಳಿ ಹತ್ತಿ ಕಂಡ ಮೇಲೆ ಬಿಡುತ್ತದೆಯೇ? ಕೊಚಿನೀಲನ್ನು ತಿಂದು ಕಳ್ಳಿಗೆ ಜೀವದಾನ ಮಾಡತೊಡಗಿತು. ಕೊನೆಗೆ 1960ರ ದಶಕದಲ್ಲಿ ಅಲ್ಲಿನ ಕೀಟತಜ್ಞರು ಕಳ್ಳಿಯ ಮೇಲೆ ಸ್ವಲ್ಪ ಸ್ವಲ್ಪವೇ ಡಿಡಿಟಿ ಸಿಂಪಡಿಸಿ ನೋಡಿದರು. ಅವರು ಕೊಲ್ಲಬೇಕೆಂದಿದ್ದು ಕೊಚಿನೀಲನ್ನು ಕಾಡುತ್ತಿದ್ದ ಕ್ರಿಪ್ಟೋವನ್ನು. ಅದು ಕಡಿಮೆಯಾದಾಗ ಕೊಚಿನೀಲ್ ಹೆಚ್ಚಿತು, ಕಳ್ಳಿ ಸಾಯತೊಡಗಿತು.

ಈಗ ಹೊರದೇಶದಿಂದ ಇಂಥ ಹುಳು ತರಬೇಕೆಂದರೆ ಸರ್ಕಾರದ ಅನುಮತಿ ಬೇಕು. ಬಂದದ್ದನ್ನು ಮೊದಲು ಹೊರಗಿನ ಗಾಳಿ ಸೋಕದ ಕೋಣೆಯಲ್ಲಿಟ್ಟು, ಅದು ಬೇರೆ ಏನೇನು ತಿನ್ನುತ್ತದೆ, ರೇಷ್ಮೆ ಹುಳುವಿಗೆ ಜೇನುನೊಣಕ್ಕೆ ತೊಂದರೆ ಕೊಡುತ್ತದೆಯೇ ಎಂದು ನೋಡಿದ ಮೇಲೆಯೇ ಹೊಲಕ್ಕೆ ಬಿಡುವುದು. ಪಪ್ಪಾಯ ತಿಗಣೆಯ ಕಣಜಗಳಿಗೂ ಹೆಬ್ಬಾಳದಲ್ಲಿ ಈ ಪರೀಕ್ಷೆ ಆಗಿತ್ತು.